ಹುಲ್ಲುಕಡ್ಡಿಯಷ್ಟು ಧಾರೆ

ನನ್ನ ಗಂಡ ಹೆಲ್ದುರ್ ಸುಳ್ಳು ಹೇಳುವ ಆಸಾಮಿ ಅಲ್ಲ. ಹೇಳಲು ಹೋದರೂ ಸಿಕ್ಕಿಬೀಳುತ್ತಾನೆ, ಕಿವಿ ಕೆಂಪಾಗಿಬಿಡುತ್ತದೆ. ಮದುವೆಯಾಗಿ ಐವತ್ತೆರಡು ವರ್ಷದಲ್ಲಿ ಆ ಕಿವಿ ಕೆಂಪಾದದ್ದನ್ನು ನಾನು ಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ. ಈ ಮೇ ತಿಂಗಳ ಮೂರನೇ ಶನಿವಾರ ನಮ್ಮ ಬಿಯರ್ ಕೊಟ್ಟಿಗೆಯಲ್ಲಿ, ಮಗನ ಎದುರಿಗೆ, ಎರಡೂ ಕಿವಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದವು. ನಾನು ಬಾಗಿಲಲ್ಲೇ ನಿಂತಿದ್ದೆ. ನೋಡಿಯೂ ಸುಮ್ಮನಿದ್ದೆ. ಅದಕ್ಕೆ ಯಾರಾದರೂ ನನ್ನನ್ನು ಬೈದರೆ ಬೈಸಿಕೊಳ್ಳುತ್ತೇನೆ.

ಮೊಮ್ಮಗಳು ಕೈರಿಯ ಮದುವೆ ಜೂನ್ ಇಪ್ಪತ್ತನಾಲ್ಕರ ಯೋಹಾನನ ಹಬ್ಬದ ಹಿಂದಿನ ಶನಿವಾರಕ್ಕೆ ನಿಶ್ಚಯವಾಗಿತ್ತು. ನಮ್ಮ ದ್ವೀಪದಲ್ಲಿ ಮದುವೆಯೂಟದ ಆಲೂಗಡ್ಡೆ ಅರೆಬೆಂದಿದ್ದರೂ ಜನ ಕ್ಷಮಿಸುತ್ತಾರೆ. ಬಿಯರ್ ಅಂಗಡಿಯದಾದರೆ ಮುಗಿಯಿತು, ಮದುಮಗಳಿಗೆ ಮೊಮ್ಮಕ್ಕಳಾಗುವವರೆಗೂ ಆಡಿಕೊಳ್ಳುತ್ತಾರೆ. ಬಂದವರು ಮರದ ಲೋಟ ಕೈಗೆತ್ತಿಕೊಂಡು ಮೊದಲು ಕೇಳುವುದೇ, "ಇದು ಯಾರ ಬಾನೀದು?" ಅಂತ. ನಮ್ಮ ಮನೆಯಲ್ಲಿ ಅದಕ್ಕೆ ಐವತ್ತು ವರ್ಷದಿಂದ ಒಂದೇ ಉತ್ತರ. ಹೆಲ್ದುರನದು.

ಕೆಲಸ ನೋಡುವುದಕ್ಕೆ ಸುಲಭ. ಎದೆಯೆತ್ತರದ ಮರದ ಬಾನಿ, ಅದರ ತಳದ ನಡುವೆ ಒಂದು ತೂತು. ಆ ತೂತಿಗೆ ಬಿರಡೆಯಾಗಿ ಒಂದು ಉದ್ದನೆಯ ಕೋಲು. ಕೋಲಿನ ಬುಡದ ಸುತ್ತ ಕಡ್ಡಿ ಅಡ್ಡಡ್ಡ ಇಟ್ಟು, ಮೇಲೆ ಜೂನಿಪರ್ ಎಂಬ ಪರಿಮಳದ ಮುಳ್ಳುಪೊದೆಯ ರೆಂಬೆ ಹರಡಿ, ಅದರ ಮೇಲೆ ಗೋಧಿಯಂಥ ರೈ ಪೈರಿನ ಉದ್ದುದ್ದ ಹುಲ್ಲನ್ನು ಸುತ್ತಿ ಸುತ್ತಿ ರಸ ಸೋಸುವ ಹಾಸು ಮಾಡಬೇಕು. ಅದರ ಮೇಲೆ ಮಾಲ್ಟ್, ಅಂದರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ, ಸುರಿದು, ಜೂನಿಪರ್ ಹಾಕಿ ಕುದಿಸಿದ ನೀರು ಹೊಯ್ದು, ಕಲಕಿ, ಕಂಬಳಿ ಮುಚ್ಚಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಒಳಗೆ ರಸ ಸಿಹಿಯಾಗಿರುತ್ತದೆ. ಕಷ್ಟ ಬರುವುದು ಆಮೇಲೆ. ಕೋಲನ್ನು ಹಿಡಿದು ಕೂದಲೆಳೆಯಷ್ಟು ಸಡಿಲ ಮಾಡಬೇಕು. ಕೆಳಗಿನ ತೊಟ್ಟಿಗೆ ಇಳಿಯುವ ಧಾರೆ ಒಂದು ಹುಲ್ಲುಕಡ್ಡಿಗಿಂತ ದಪ್ಪ ಇರಬಾರದು. ಆತುರಪಟ್ಟು ಕೋಲು ಎತ್ತಿದರೋ, ಹಾಸೆಲ್ಲ ತೂತಿಗೆ ಎಳೆದುಕೊಂಡು ಹೋಗಿ ಬಾನಿ ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಂಡ ಬಾನಿಯ ರಸ ತಣ್ಣಗಾಗಿ, ಹುಳಿಯಾಗಿ, ಹಂದಿಗೆ.

ನಮ್ಮ ಮಗ ರೈವೋಗೆ ನಲವತ್ತಾರು. ದೋಣಿ ಕಟ್ಟುವ ಕಾರ್ಖಾನೆಯಲ್ಲಿ ವೈರಿಂಗ್ ಕೆಲಸ. ಹದಿನೈದನೇ ವಯಸ್ಸಿನಿಂದ ಅಪ್ಪನ ಬಿಯರಿಗೆ ನೀರು ಹೊತ್ತಿದ್ದಾನೆ, ಸೌದೆ ಒಡೆದಿದ್ದಾನೆ, ಎಲ್ಲ ಮುಗಿದ ಮೇಲೆ ಬಾನಿಯೊಳಗೆ ಇಳಿದು ಚರಟ ಬಳಿದು ತೊಳೆದಿದ್ದಾನೆ. ಕೋಲು ಮಾತ್ರ ಮುಟ್ಟಿಲ್ಲ. ಮುಟ್ಟಲು ಹೆಲ್ದುರ್ ಬಿಟ್ಟಿಲ್ಲ. "ಇನ್ನೂ ಟೈಮಿದೆ" ಅನ್ನುತ್ತಾನೆ. ಯಾರಿಗೆ ಟೈಮಿದೆಯೋ ದೇವರಿಗೇ ಗೊತ್ತು.

ಈ ಸಲದ ಹುಲ್ಲು ರೈವೋನದು. ಈಗೆಲ್ಲ ಯಂತ್ರದಲ್ಲಿ ಕೊಯ್ಯುತ್ತಾರೆ, ಹುಲ್ಲು ಪುಡಿಪುಡಿ, ಹಾಸಿಗೆ ಬಾರದು. ಅದಕ್ಕೇ ಹೋದ ಆಗಸ್ಟಿನಲ್ಲಿ ಅವನೂ ಹೆಂಡತಿ ಮೆರ್ಲೆಯೂ ದ್ವೀಪದ ಆ ಕೊನೆಯ ಒಬ್ಬ ರೈತನ ಗದ್ದೆಗೆ ಹೋಗಿ, ಒಂದು ಮೂಲೆಯಷ್ಟು ಪೈರನ್ನು ಕುಡುಗೋಲಲ್ಲಿ ಕೊಯ್ದು, ಕೈಯಲ್ಲೇ ಬಡಿದು, ಕಟ್ಟು ಕಟ್ಟಿ ಅಟ್ಟದಲ್ಲಿ ಒಣಗಿಸಿಟ್ಟಿದ್ದರು. ಮಗಳ ಮದುವೆಗೆ ಅಂತ. ಆ ಕಟ್ಟುಗಳನ್ನು ರೈವೋ ಚಳಿಗಾಲದಲ್ಲಿ ಎರಡು ಸಲ ಮಗ್ಗುಲು ತಿರುಗಿಸಿಟ್ಟಿದ್ದನ್ನು ನಾನೇ ಕಂಡಿದ್ದೇನೆ.

ಇನ್ನೊಂದು ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು. ಜನವರಿಯಲ್ಲಿ ಹೆಲ್ದುರನಿಗೆ ಸಣ್ಣದಾಗಿ ಪಾರ್ಶ್ವವಾಯು ಬಡಿದು ಹೋಯಿತು. ಮಾತು ಸರಿಹೋಯಿತು, ನಡಿಗೆ ಸರಿಹೋಯಿತು. ಬಲಗೈ ಬೆರಳಿಗೆ ಮಾತ್ರ ಸ್ಪರ್ಶ ತಿರುಗಿ ಬರಲಿಲ್ಲ. ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಯಾರಿಗೂ ಹೇಳಬೇಡ ಅಂದ. ಬೆಳಿಗ್ಗೆ ಬಾಗಿಲು ಹಾಕಿಕೊಂಡು ನಾನು ಅವನ ಅಂಗಿಯ ಗುಂಡಿ ಹಾಕುತ್ತಿದ್ದೆ.

ಆ ಶನಿವಾರ ನಾನು ಬ್ರೆಡ್ಡು, ಹೊಗೆಯಲ್ಲಿಟ್ಟ ಮೀನು ತಟ್ಟೆಯಲ್ಲಿಟ್ಟುಕೊಂಡು ಕೊಟ್ಟಿಗೆಗೆ ಹೋದೆ. ರೈವೋ ಸೌದೆ ತರಲು ಹಿತ್ತಲಿಗೆ ಹೋಗಿದ್ದ. ಹೆಲ್ದುರ್ ಕೋಲು ಹಿಡಿದು ನಿಂತಿದ್ದ. ತಿರುಗಿಸಿದ. ಏನೂ ಇಳಿಯಲಿಲ್ಲ. ಇನ್ನಷ್ಟು ತಿರುಗಿಸಿದ. ಆಮೇಲೆ ಕೋಲು ಒಮ್ಮೆಲೇ ನಾಲ್ಕು ಬೆರಳು ಮೇಲೆ ಬಂತು, ಅವನಿಗೆ ಅದು ಬಂದದ್ದೇ ತಿಳಿಯಲಿಲ್ಲ. ಕೆಳಗೆ ರಸ ಭರ್ರೆಂದು ಸುರಿಯಿತು. ಅವನು ಗಾಬರಿಯಾಗಿ ಕೋಲು ಒತ್ತುವಷ್ಟರಲ್ಲಿ ಬಾನಿ ಒಂದು ಸಲ ಗುಳುಕ್ ಅಂದು ನಿಂತುಹೋಯಿತು. ಒಂದು ಹನಿಯೂ ಇಲ್ಲ.

ಸೌದೆ ಹೊತ್ತುಕೊಂಡು ರೈವೋ ಒಳಗೆ ಬಂದ. "ಏನಾಯ್ತಪ್ಪ?"

ಹೆಲ್ದುರ್ ಬಾನಿಯನ್ನೇ ನೋಡುತ್ತಾ ಹೇಳಿದ. "ಏನಾಗೋದು? ಎಂಥಾ ಹುಲ್ಲು ತಂದಿದೀಯೋ ನೀನು? ಎಲ್ಲ ಪುಡಿ. ಕಟ್ಕೊಂಡ್ಬಿಡ್ತು."

ಕಿವಿ ಕೆಂಪಾದದ್ದು ಆಗಲೇ.

"ಪುಡಿನಾ? ಕೈಯಾರೆ ಕುಯ್ದಿದ್ದು ಕಣಪ್ಪ ಅದು!"

"ಕೈಯಾರೆ ಕುಯ್ದ್ರೆ ಸಾಕಾ? ಕಣ್ಣು ಬಿಟ್ಟು ಒಣಗಿಸ್ಬೇಕು."

ರೈವೋ ಸೌದೆಯನ್ನು ಎತ್ತಿ ಹಾಕಲಿಲ್ಲ, ಮೆಲ್ಲಗೆ ಕೆಳಗಿಟ್ಟ. ಒಂದು ಗಂಟೆ ಇಬ್ಬರೂ ಸೇರಿ ಏನೇನೋ ಮಾಡಿದರು. ಸೌಟಿನಲ್ಲಿ ಮೊಗೆದರು, ಬಿಸಿನೀರು ಹೊಯ್ದರು. ಬಾನಿ ಜಪ್ಪಯ್ಯ ಅನ್ನಲಿಲ್ಲ. ಸಂಜೆ ಹೆಲ್ದುರ್ ಮನೆಗೆ ಬಂದು ಮಲಗಿಬಿಟ್ಟ. ರೈವೋ ಒಬ್ಬನೇ ಬಾನಿಗಿಳಿದು ಎಲ್ಲ ಖಾಲಿ ಮಾಡಿದ. ಪಕ್ಕದ ಮನೆಯ ಹಂದಿಗಳಿಗೆ ಆವತ್ತು ಹಬ್ಬ.

ಮಾಲ್ಟ್ ಇನ್ನು ಒಂದೇ ಮೂಟೆ ಉಳಿದಿತ್ತು, ಒಂದೇ ಬಾನಿಗೆ ಆಗುವಷ್ಟು.

ಮಾರನೆಯ ದಿನದ ಊಟಕ್ಕೆ ಹಂದಿಮಾಂಸದ ಸಾರು, ಬೇಯಿಸಿದ ಆಲೂಗಡ್ಡೆ ಮಾಡಿದ್ದೆ. ಊಟದ ನಡುವೆ ರೈವೋ ಚಮಚ ಕೆಳಗಿಟ್ಟ.

"ಅಪ್ಪ, ನಾನೊಂದು ಹೇಳ್ತೀನಿ. ಸ್ಟೀಲ್ ಜಾಲರಿ ಸಿಗತ್ತೆ. ಬಾನಿ ತಳಕ್ಕೆ ಕೂರಿಸಿದ್ರೆ ಹುಲ್ಲೂ ಬೇಡ, ಜೂನಿಪರೂ ಬೇಡ. ಕಟ್ಕೊಳ್ಳೋ ಮಾತೇ ಇಲ್ಲ."

"ಜಾಲರೀಲಿ ಸೋಸೋದು ಟೀನ."

"ಹುಲ್ಲಲ್ಲಿ ಸೋಸಿ ಏನ್ ಬಂತು? ಹಂದಿ ಕುಡೀತು."

"ಒಳ್ಳೆ ಹುಲ್ಲಾಗಿದ್ರೆ ಬರ್ತಿತ್ತು."

"ಆಯ್ತು ಬಿಡು. ಪೇಟೆಯಿಂದ ಬ್ಯಾರಲ್ ತರಿಸ್ತೀನಿ. ಬಂದೋರಿಗೆ ಇದು ಲಾರಿ ಬಾನೀದು ಅಂತ ಹೇಳಿದ್ರಾಯ್ತು."

"ತರ್ಸು! ನಾನು ಆ ಮದ್ವೆಗೆ ಬರಲ್ಲ."

"ಅಯ್ಯೋ ಸಾಕು ಮಾಡ್ರೋ!" ಅಂದೆ ನಾನು. "ಮದ್ವೆ ಆಗ್ತಿರೋದು ಕೈರಿದು, ನಿಮ್ಮಿಬ್ರದಲ್ಲ."

ಮೆರ್ಲೆಗೆ ನಗು ಬಂದು ಕೆಮ್ಮಿನ ನೆಪ ಮಾಡಿಕೊಂಡು ಎದ್ದುಹೋದಳು. ರೈವೋ ನಗಲಿಲ್ಲ. ತಟ್ಟೆ ತೊಳೆದಿಟ್ಟು ಹೊರಟುಹೋದ. ಆ ಮೇಲೆ ಮೂರು ವಾರ ಅಪ್ಪ ಮಗ ಒಂದೇ ಮೇಜಿನಲ್ಲಿ ಉಂಡರು, ಉಪ್ಪು ಬೇಕಾದರೂ ನನ್ನ ಮೂಲಕ ಕೇಳಿದರು.

"ಅಮ್ಮ, ಅಪ್ಪಂಗೆ ಕೇಳು, ಗರಗಸ ಎಲ್ಲಿಟ್ಟಿದಾನೆ ಅಂತ."

"ಎಲ್ವಿ, ಅವನಿಗೆ ಹೇಳು, ಇಟ್ಟ ಕಡೇನೇ ಇದೆ ಅಂತ."

"ನಾನೇನು ಪೋಸ್ಟ್ ಆಫೀಸಾ?" ಅಂದೆ. ಇಬ್ಬರೂ ತಮಗಲ್ಲ ಅನ್ನುವ ಹಾಗೆ ಕೂತಿದ್ದರು.

ಸೊಸೆ ಮೆರ್ಲೆ ಆಚೆ ದಡದವಳು. ಇಪ್ಪತ್ತೈದು ವರ್ಷದ ಹಿಂದೆ ಹಡಗಿನಿಂದ ಇಳಿದಾಗ ಬಿಯರಿನ ವಾಸನೆಗೇ ಮೂಗು ಮುಚ್ಚಿಕೊಂಡವಳು, ಈಗಲೂ ಒಂದು ಹನಿ ಕುಡಿಯುವುದಿಲ್ಲ. ಆದರೆ ಕಣ್ಣು ಚುರುಕು. ಬುಧವಾರ ನಾವಿಬ್ಬರೂ ಮದುವೆಯ ಕೇಕಿಗೆ ರುಬಾರ್ಬ್ ಸೊಪ್ಪಿನ ಹುಳಿ ದಂಟು ಹೆಚ್ಚಿ ಡಬ್ಬಕ್ಕೆ ತುಂಬುತ್ತಿದ್ದಾಗ ಅವಳು ಎದ್ದುಹೋಗಿ, ಹಿತ್ತಲಿನಿಂದ ಒಂದು ತೋಳು ಒದ್ದೆ ಹುಲ್ಲು ತಂದು ಅಡುಗೆಮನೆಯ ಮೇಜಿನ ಮೇಲೆ ಹಾಕಿದಳು.

"ಏನೇ ಇದು, ನನ್ನ ಮೇಜಿನ ಮೇಲೆ!"

"ತೊಳ್ದಿದೀನಿ ಅತ್ತೆ. ಗೊಬ್ಬರದ ಗುಂಡಿಯಿಂದ ಎತ್ಕೊಂಡ್ ಬಂದೆ. ನೋಡಿ." ಒಂದೊಂದೇ ಕಡ್ಡಿ ಎಳೆದು ಉದ್ದಕ್ಕೆ ಇಟ್ಟಳು. "ಇದು ಪುಡಿನಾ? ಒಂದಾದ್ರೂ ಮುರಿದಿದ್ಯಾ? ಬಗ್ಗಿಬಗ್ಗಿ ಕುಯ್ದು ನನ್ನ ಸೊಂಟ ಒಂದು ವಾರ ಎದ್ದಿರ್ಲಿಲ್ಲ. ಮಾವ ಯಾಕೆ ಹಾಗಂದ್ರು?"

ನಾನು ಚಾಕು ಆಡಿಸುತ್ತಲೇ ಇದ್ದೆ.

"ನೀವು ಅಲ್ಲೇ ಇದ್ರಲ್ಲ ಅತ್ತೆ?"

"ಇದ್ದೆ, ಮೀನು ತಗೊಂಡ್ ಹೋಗಿದ್ದೆ."

"ಏನ್ ನೋಡಿದ್ರಿ?"

"ಮೀನು ತಣ್ಣಗಾಗ್ತಿದ್ದಿದ್ದು ನೋಡ್ದೆ. ಆ ದಂಟಿನ ಸಿಪ್ಪೆ ತೆಗಿ, ನಾರು ಉಳಿದ್ಬಿಟ್ಟಿದೆ."

ಅವಳು ಹುಲ್ಲನ್ನು ಎತ್ತಿಕೊಂಡು ಹೋಗಿ ದಾರದ ಮೇಲೆ ಬಟ್ಟೆಗಳ ಪಕ್ಕದಲ್ಲೇ ಒಣಹಾಕಿದಳು. ಸಂಜೆಯವರೆಗೂ ರೈವೋನ ಅಂಗಿಗಳ ನಡುವೆ ಆ ಹುಲ್ಲು ನೇತಾಡುತ್ತಿತ್ತು. ನನಗೆ ನಾಚಿಕೆಯಾಯಿತು, ನಿಜ ಹೇಳುತ್ತೇನೆ. ಗಂಡನ ಮಾನ ಕಾಯಲು ಹೋಗಿ ಮಗನ ಮಾನ ಕಳೆದಿದ್ದೆ.

ಆ ವಾರ ಕೈರಿ ಆಚೆ ದಡದ ತಾರ್ತು ಪಟ್ಟಣದಿಂದ ಫೋನ್ ಮಾಡಿದಳು. ಫೋನನ್ನು ಸೀದಾ ತಾತನಿಗೆ ಕೊಡು ಅಂದಳು.

"ತಾತ, ಅಪ್ಪ ಏನೋ ಬ್ಯಾರಲ್ಲು ಅಂತಿದಾನೆ?"

"ನಿಮ್ಮಪ್ಪನ್ನೇ ಕೇಳು."

"ನಾನು ಹುಡುಗನ ಮನೆಯೋರಿಗೆಲ್ಲ ಹೇಳ್ಬಿಟ್ಟಿದೀನಿ ತಾತ. ನಮ್ಮ ತಾತನ ಬಿಯರ್ ಕುಡಿದ್ರೆ ನಿಮಗೆ ಹಡಗು ತಪ್ಪೋಗತ್ತೆ ಅಂತ. ಅದಕ್ಕೇ ಅವರು ಸೋಮವಾರಕ್ಕೆ ಟಿಕೆಟ್ ಮಾಡ್ಸಿದಾರೆ!"

ಹೆಲ್ದುರ್ ನಕ್ಕ. ಫೋನ್ ಇಟ್ಟ ಮೇಲೆ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬೆರಳುಗಳನ್ನು ಎಡಗೈಯಲ್ಲಿ ಒಂದೊಂದಾಗಿ ತಿಕ್ಕಿದ. ಪಾಪ ಅನ್ನಿಸಿತು. ಕೋಪವೂ ಬಂತು. ನನಗೆ ಎರಡೂ ಒಟ್ಟಿಗೇ ಬರುವುದು ಅಭ್ಯಾಸ.

ಭಾನುವಾರ ಬೆಳಿಗ್ಗೆ ಅಂಗಿಯ ಗುಂಡಿ ಹಾಕುವಾಗ ಕೇಳಿಯೇಬಿಟ್ಟೆ.

"ಹುಲ್ಲಿನ ಮೇಲೆ ಯಾಕೆ ಹಾಕ್ದೆ?"

ಅವನು ಗೋಡೆ ನೋಡಿದ. "ನೀನು ನೋಡ್ದೆ ಅಂತ ಗೊತ್ತು."

"ಗೊತ್ತಿದ್ದೂ ಹದಿನೈದು ದಿನ ನನ್ನ ಮುಖ ನೋಡ್ಕೊಂಡು ಊಟ ಮಾಡ್ದೆಯಲ್ಲ, ಎಂಥಾ ಗಟ್ಟಿಗ ನೀನು."

"ಏನ್ ಹೇಳ್ಲಿ ಎಲ್ವಿ? ಕೈ ಸತ್ತಿದೆ ಅಂತ ಹೇಳಿದ್ರೆ ಏನಾಗತ್ತೆ? ಇವತ್ತು ಕೋಲು ಬೇಡ ಅಂತೀರಿ, ನಾಳೆ ಕೊಡಲಿ ಬೇಡ, ನಾಡಿದ್ದು ದೋಣಿ ಬೇಡ. ಆಮೇಲೆ ಕಿಟಕಿ ಪಕ್ಕ ಕುರ್ಚಿ ಹಾಕಿ, ಮೊಣಕಾಲಿಗೆ ಕಂಬಳಿ ಹೊದಿಸಿ ಕೂರಿಸ್ತೀರಿ. ನಮ್ಮಪ್ಪ ಹಾಗೇ ಹೋದ."

"ಅದಕ್ಕೆ ಮಗನ ತಲೆ ಮೇಲೆ ಹಾಕೋದಾ? ಅವನು ಚಳಿಗಾಲ ಪೂರ್ತಿ ಆ ಹುಲ್ಲಿಗೆ ಜೋಗುಳ ಹಾಡಿದಾನೆ."

"ಬಾಯಿ ತಪ್ಪಿ ಬಂತು. ಬಂದ್ಮೇಲೆ ಹೇಗೆ ವಾಪಸ್ ತಗೊಳ್ಳೋದು?"

"ಬಾಯಿಂದಲೇ ಬಂದಿದ್ದು, ಬಾಯಿಂದಲೇ ತಗೋ. ಶನಿವಾರದೊಳಗೆ ನೀನು ಹೇಳ್ಬೇಕು. ಇಲ್ದಿದ್ರೆ ನಾನು ಹೇಳ್ತೀನಿ."

"ನೀನು ಹೇಳಲ್ಲ."

"ಹೇಳ್ತೀನಿ. ಅಷ್ಟೇ ಅಲ್ಲ, ನಾಳೆಯಿಂದ ಗುಂಡಿ ನೀನೇ ಹಾಕ್ಕೋ."

ಸೋಮವಾರದಿಂದ ಅವನು ಕುತ್ತಿಗೆಯವರೆಗಿನ ಉಣ್ಣೆ ಸ್ವೆಟರ್ ಹಾಕಿಕೊಂಡು ಓಡಾಡತೊಡಗಿದ. ಜೂನ್ ತಿಂಗಳಲ್ಲಿ! ಹಣೆಯ ಮೇಲೆ ಬೆವರು, ಬಾಯಲ್ಲಿ ಮಾತಿಲ್ಲ. ಮೆರ್ಲೆ, "ಮಾವ, ಚಳೀನಾ?" ಅಂದರೆ "ಹೂಂ, ಸಮುದ್ರದ ಗಾಳಿ" ಅಂದ. ಎಲೆಯೂ ಅಲುಗದ ದಿನ ಅದು.

ಶುಕ್ರವಾರದವರೆಗೂ ಅವನು ಬಾಯಿ ಬಿಡಲಿಲ್ಲ. ರೈವೋ ಪೇಟೆಯಿಂದ ಸ್ಟೀಲ್ ಜಾಲರಿ ತಂದು ಕಾಗದ ಬಿಚ್ಚದೆ ಜಗಲಿಯಲ್ಲಿಟ್ಟ. ಬ್ಯಾರಲ್ ತರಿಸುವುದೋ ಇನ್ನೊಂದು ಬಾನಿ ಇಳಿಸುವುದೋ ಯಾರೂ ತೀರ್ಮಾನಿಸಿರಲಿಲ್ಲ. ಬಿಯರ್ ಹುದುಗಿ ತಿಳಿಯಾಗಲು ಎರಡು ವಾರವಾದರೂ ಬೇಕು. ಮದುವೆಗೆ ಉಳಿದಿದ್ದೂ ಎರಡೇ ವಾರ. ಶನಿವಾರ ತಪ್ಪಿದರೆ ತಪ್ಪಿದ ಹಾಗೆಯೇ.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ನಾನು ಎದ್ದಾಗ ಹೆಲ್ದುರ್ ಹಾಸಿಗೆಯಲ್ಲಿ ಇರಲಿಲ್ಲ. ಬಿಯರ್ ಕೊಟ್ಟಿಗೆಯ ಚಿಮಣಿಯಿಂದ ಹೊಗೆ ಏಳುತ್ತಿತ್ತು. ಓಡಿದೆ. ಒಳಗೆ ಅವನು ಬಾನಿಯ ಮೇಲೆ ಬಗ್ಗಿ ಎಡಗೈಯಲ್ಲಿ ಹಾಸು ಹಾಕುತ್ತಿದ್ದ. ಹುಲ್ಲನ್ನು ಕೈಗೆ ಕೊಡುತ್ತಿದ್ದವಳು ಮೆರ್ಲೆ, ಚಪ್ಪಲಿಯಿಲ್ಲದೆ, ರಾತ್ರಿಯ ಅಂಗಿಯ ಮೇಲೆ ರೈವೋನ ಕೋಟು ಹಾಕಿಕೊಂಡು. ಅಟ್ಟದಲ್ಲಿ ಉಳಿದಿದ್ದ ಎರಡು ಕಟ್ಟು ಬಿಚ್ಚಿದ್ದರು.

"ಮಾವ ಎಬ್ಬಿಸಿದ್ರು" ಅಂದಳು ಅವಳು.

"ಯಾವ ಹುಲ್ಲು ಅದು?" ಅಂದೆ ನಾನು, ಬೇಕೆಂದೇ.

"ರೈವೋ ತಂದಿದ್ದು" ಅಂದ ಹೆಲ್ದುರ್. ನನ್ನ ಕಡೆ ನೋಡಲಿಲ್ಲ. "ಸುಮ್ನೆ ನಿಂತಿರ್ಬೇಡ, ನೀರು ಕುದೀತಾ ನೋಡು."

ಹನ್ನೊಂದು ಗಂಟೆಯ ಹೊತ್ತಿಗೆ ರಸ ತಯಾರಾಗಿತ್ತು. ಕೊಟ್ಟಿಗೆಯೆಲ್ಲ ಜೂನಿಪರ್ ಮತ್ತು ಬಿಸಿ ಬ್ರೆಡ್ಡಿನ ವಾಸನೆ. ಹೆಲ್ದುರ್ ಕಂಬಳಿ ತೆಗೆದ. ಕೋಲು ಮುಟ್ಟಲಿಲ್ಲ.

"ಮೆರ್ಲೆ, ಅವನನ್ನ ಕರಿ."

ರೈವೋ ಬಂದ. ಕಂಕುಳಲ್ಲಿ ಜಾಲರಿ ಇತ್ತು. ಬಾನಿ ತುಂಬಿರುವುದನ್ನು ನೋಡಿ ಬಾಗಿಲಲ್ಲೇ ನಿಂತ. ಮೂರು ವಾರದ ಮೇಲೆ ಮೊದಲ ಸಲ ಅಪ್ಪನಿಗೆ ನೇರವಾಗಿ ಮಾತಾಡಿದ. "ಮತ್ತೆ ಹುಲ್ಲಲ್ಲೇ ಹಾಕಿದೀಯಾ? ಕಟ್ಕೊಂಡ್ರೆ ಮತ್ತೆ ನನ್ನ ತಲೆಗೇ ಕಟ್ತೀಯ."

"ಕಟ್ಟಲ್ಲ" ಅಂದ ಹೆಲ್ದುರ್. ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಂಡ. "ಹುಲ್ಲು ಚೆನ್ನಾಗಿತ್ತು ಕಣೋ. ಅಂಥಾ ಹುಲ್ಲು ನಮ್ಮಪ್ಪನ ಕಾಲದಲ್ಲೂ ನೋಡಿರ್ಲಿಲ್ಲ. ನನ್ನ ಕೈ ಸರಿ ಇರ್ಲಿಲ್ಲ. ಜನವರಿಯಿಂದ ಈ ಬೆರಳಿಗೆ ಏನೂ ತಿಳಿಯಲ್ಲ. ಕೋಲು ಮೇಲೆ ಬಂದಿದ್ದು ನನಗೆ ಗೊತ್ತಾಗ್ಲಿಲ್ಲ. ಸುಳ್ಳು ಹೇಳ್ದೆ."

ರೈವೋ ಜಾಲರಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ.

"ನನಗೆ ಗೊತ್ತಿತ್ತು" ಅಂದ ರೈವೋ.

ಹೆಲ್ದುರ್ ತಲೆ ಎತ್ತಿದ. ನಾನೂ.

"ಬಾನಿ ಖಾಲಿ ಮಾಡಿದ್ದು ನಾನು ತಾನೇ? ಮೂವತ್ತೊಂದು ವರ್ಷದಿಂದ ನಾನೇ ಮಾಡ್ತಿರೋದು. ಹುಲ್ಲು ಪುಡಿಯಾಗಿದ್ರೆ ಹಾಸಿನ ತುಂಬಾ ಕೆಸರು ಕೂತಿರತ್ತೆ. ಆವತ್ತು ಹಾಸೆಲ್ಲ ತೂತಿನ ಕಡೆ ಜಡೆ ಹೆಣೆದ ಹಾಗೆ ತಿರುಚ್ಕೊಂಡಿತ್ತು. ಕೋಲು ಎತ್ತಿದ್ರೆ ಮಾತ್ರ ಹಾಗಾಗತ್ತೆ. ನಿನ್ನ ಕೈ ಸರಿಯಿಲ್ಲ ಅಂತ ಆವತ್ತೇ ಗೊತ್ತಾಯ್ತು. ಕೋಲು ಎತ್ತೋನಲ್ಲ ನೀನು."

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೋ ನೀನು?" ಅಂತ ನಾನೇ ಕೂಗಿದೆ. "ಮೂರು ವಾರ ನನ್ನನ್ನ ಪೋಸ್ಟ್ ಆಫೀಸ್ ಮಾಡಿದ್ರಲ್ಲ!"

"ಅವನೇ ಹೇಳ್ಲಿ ಅಂತ ಕಾಯ್ತಿದ್ದೆ" ಅಂದ ರೈವೋ. "ಹುಲ್ಲು ಬೈದಿದ್ದಕ್ಕೆ ಅಲ್ಲ ಅಪ್ಪ ನಂಗೆ ಸಿಟ್ಟು ಬಂದಿದ್ದು. ನನ್ನನ್ನ ಇಷ್ಟು ದಡ್ಡ ಅಂದ್ಕೊಂಡೆಯಲ್ಲ, ಅದಕ್ಕೆ."

"ದಡ್ಡ ಅಂತ ಯಾವತ್ತೂ ಅಂದ್ಕೊಂಡಿಲ್ಲ."

"ಮತ್ತೆ ಕೋಲು ಯಾಕೆ ಕೊಡ್ಲಿಲ್ಲ?"

ಹೆಲ್ದುರ್ ತನ್ನ ಬಲಗೈ ನೋಡಿಕೊಂಡ. "ಕೊಟ್ಬಿಟ್ರೆ ಆಮೇಲೆ ನಾನೇನು ಮಾಡ್ಲಿ?"

ಮೆರ್ಲೆ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಅಡಗಿಸಿಕೊಳ್ಳುವುದೇನು.

ರೈವೋ ಜಾಲರಿಯನ್ನು ಹೊರಗಿಟ್ಟು ಬಂದು ಕೈ ತೊಳೆದುಕೊಂಡ. ಬಾನಿಯ ಹತ್ತಿರ ಹೋಗಿ ಎರಡೂ ಕೈಯಲ್ಲಿ ಕೋಲು ಹಿಡಿದ. "ಎಷ್ಟು ಎತ್ಲಿ?"

"ಎತ್ಬೇಡ. ತಿರುಗ್ಸು. ಎಡಕ್ಕೆ."

"ಎಷ್ಟು?"

ಹೆಲ್ದುರ್ ಗಾಳಿಯಲ್ಲಿ ಎಡಗೈ ತಿರುಗಿಸಿ ನೋಡಿದ. ಇಷ್ಟು ವರ್ಷ ಮಾಡಿದ್ದನ್ನು ಒಂದು ದಿನವೂ ಬಾಯಲ್ಲಿ ಹೇಳಿದವನಲ್ಲ ಅವನು. "ಎಷ್ಟು ಅಂದ್ರೆ... ಕೋಲು ನಿನ್ನ ಕೈಗೆ ಸ್ವಲ್ಪ ಭಾರ ಬಿಡತ್ತೆ ನೋಡು. ಬಿಟ್ಟ ತಕ್ಷಣ ನಿಲ್ಸು."

ರೈವೋ ತಿರುಗಿಸಿದ. ಅವನ ಕುತ್ತಿಗೆಯ ನರ ಎದ್ದಿತ್ತು. ಏನೂ ಇಳಿಯಲಿಲ್ಲ. ಇನ್ನಷ್ಟು. ಏನೂ ಇಲ್ಲ.

"ಆತುರ ಪಡ್ಬೇಡ" ಅಂದ ಹೆಲ್ದುರ್.

"ನಾನೆಲ್ಲಿ ಪಡ್ತಿದೀನಿ? ನೀನು ಉಸಿರು ಬಿಡು."

ಆಗ ಒಂದು ಹನಿ ಬಿತ್ತು. ಇನ್ನೊಂದು. ಆಮೇಲೆ ಕಂದು ಬಣ್ಣದ ಧಾರೆ, ಮೊದಲು ಕಲಕಲು, ಒಂದು ಕ್ಷಣ ಬಿಟ್ಟು ತಿಳಿ. ಹೆಲ್ದುರ್ ಮಂಡಿಯೂರಿ ಕೂತು ನೆಲದಿಂದ ಒಂದು ಹುಲ್ಲುಕಡ್ಡಿ ಎತ್ತಿ ಧಾರೆಯ ಪಕ್ಕ ಹಿಡಿದು ನೋಡಿದ. ಎರಡೂ ಒಂದೇ ದಪ್ಪ ಇದ್ದವು. ಎಡಗೈಯಲ್ಲಿ ಮೊದಲ ಸೌಟು ತುಂಬಿಸಿ, ತಾನು ಕುಡಿಯದೆ ಮಗನ ಬಾಯಿಗೆ ಹಿಡಿದ, ಮಗನ ಕೈ ಎರಡೂ ಕೋಲಿನ ಮೇಲಿದ್ದವಲ್ಲ.

"ಹೇಗಿದೆ?"

"ಬಿಸಿ" ಅಂದ ರೈವೋ. "ಸಿಹಿ. ಹಲ್ಲಿಗೆ ಅಂಟ್ತಿದೆ."

"ಅಂಟ್ಬೇಕು."

ನಾನೂ ಮೆರ್ಲೆಯೂ ಮನೆಗೆ ಬಂದೆವು. ಬಾನಿ ಪೂರ್ತಿ ಇಳಿಯಲು ನಾಲ್ಕು ಗಂಟೆ ಬೇಕು. ಆ ನಾಲ್ಕು ಗಂಟೆ ಹೆಲ್ದುರ್ ಅಲ್ಲಿಂದ ಕದಲುವುದಿಲ್ಲ. ರೈವೋ ಹುಟ್ಟಿದ ದಿನವೂ, ಸೂಲಗಿತ್ತಿ ಕಿಟಕಿಯಿಂದ ಕೂಗಿದಾಗ, "ಧಾರೆ ಹೋಗ್ತಿದೆ, ಬರ್ತೀನಿ ಅಂತ ಹೇಳಿ" ಅಂದ ಮನುಷ್ಯ ಅವನು. ನಾನು ಅವನಿಗೆ ಒಯ್ಯಲು ಬ್ರೆಡ್ಡು ಕೊಯ್ದು ಬೆಣ್ಣೆ ಹಚ್ಚತೊಡಗಿದೆ. ಮೆರ್ಲೆ ಆಲೂಗಡ್ಡೆ ತೊಳೆಯುತ್ತಿದ್ದಳು.

ಅರ್ಧ ಗಂಟೆಯೂ ಆಗಿರಲಿಲ್ಲ. ಬಾಗಿಲು ಸದ್ದಾಯಿತು. ಹೆಲ್ದುರ್ ಒಳಗೆ ಬಂದು, ಒದ್ದಾಡಿಕೊಂಡು ಸ್ವೆಟರ್ ತಲೆಯ ಮೇಲಿಂದ ಎಳೆದು ತೆಗೆದು, ಬನಿಯನ್ನಿನಲ್ಲೇ ಮೇಜಿನ ಮುಂದೆ ಕೂತ. ನಾನು ಚಾಕು ಕೆಳಗಿಟ್ಟೆ.

"ಏನಾಯ್ತು? ಮತ್ತೆ ಕಟ್ಕೊಂಡ್ತಾ?"

"ಇಲ್ಲ."

"ಮತ್ತೆ ಬಾನಿ? ಬಿಟ್ ಬಂದ್ಯಾ?"

"ರೈವೋ ಇದಾನಲ್ಲ" ಅಂದ ಹೆಲ್ದುರ್. "ಕಾಫಿ ಇದ್ರೆ ಕೊಡು, ಎಲ್ವಿ. ಬಿಸಿಯಾಗಿ. ಕೂತ್ಕೊಂಡು ಕುಡೀತೀನಿ."